ಕಹಳೆಯೊಳಗೆ ಹೇಳಿದ ಹೆಸರು

ದೇವರನ್ನು ನಂಬುವವನು ದೆವ್ವವನ್ನೂ ನಂಬಲೇಬೇಕೆಂಬ ನಿಯಮವೇನೂ ಇಲ್ಲ. ಎಂಟನೆಯ ವರ್ಷದಲ್ಲಿ ಉಪನಯನವಾದಂದಿನಿಂದ ನಾನು ಸಂಧ್ಯಾವಂದನೆಯನ್ನು ಬಿಟ್ಟವನಲ್ಲ. ಆದರೂ ಅಶರೀರವಾಣಿ, ಸತ್ತವರ ದನಿ, ಖಾಲಿ ಕೋಣೆಯ ಗೆಜ್ಜೆಸದ್ದು ಎಂದು ಯಾರಾದರೂ ಕಥೆ ತೆಗೆದರೆ ಮರ್ಯಾದೆಗಾಗಿ ಕೇಳಿಸಿಕೊಂಡು, ಒಳಗೊಳಗೇ ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ವೃತ್ತಿ ಕಲಿಸಿದ್ದೂ ಅದನ್ನೇ. ಮೈಸೂರಿನ ಪಾಠಶಾಲೆಯೊಂದರಲ್ಲಿ ಮೂವತ್ತೆಂಟು ವರ್ಷ ನ್ಯಾಯಶಾಸ್ತ್ರವನ್ನು ಪಾಠ ಹೇಳಿದೆ. ಒಂದು ಸಂಗತಿಯನ್ನು ಬಲ್ಲೆನೆಂದು ಹೇಳಬೇಕಾದರೆ ಪ್ರಮಾಣ ಬೇಕು. ಕಣ್ಣಾರೆ ಕಂಡಿರಬೇಕು, ಕಂಡುದರಿಂದ ಊಹಿಸಿ ತಿಳಿದಿರಬೇಕು, ಹೋಲಿಕೆಯಿಂದ ಗುರುತಿಸಿರಬೇಕು, ಇಲ್ಲವೇ ನಂಬತಕ್ಕವರು ಹೇಳಿರಬೇಕು. ಈ ಕೊನೆಯದನ್ನು ಆಪ್ತವಾಕ್ಯವೆನ್ನುತ್ತಾರೆ. ಸುಳ್ಳು ಹೇಳಲು ಕಾರಣವಿಲ್ಲದ, ವಿಷಯವನ್ನು ತಾನೇ ಬಲ್ಲ ವ್ಯಕ್ತಿಯ ಮಾತೂ ಪ್ರಮಾಣವೇ ಎಂದು ನಮ್ಮ ಹಿರಿಯರು ಒಪ್ಪಿದ್ದಾರೆ. ವರ್ಷವರ್ಷವೂ ಕರಿಹಲಗೆಯ ಮೇಲೆ ಇದನ್ನು ಬರೆದು ವಿವರಿಸಿದವನು ನಾನು. ಅದನ್ನು ಬಾಳಿನಲ್ಲಿ ಪಾಲಿಸಿದೆನೇ ಎಂಬುದು ಬೇರೆ ಮಾತು.

ಈಗ ಬರೆಯಹೊರಟಿರುವ ಸಂಗತಿ ನಡೆದದ್ದು ಕೆಲವು ವರ್ಷಗಳ ಹಿಂದೆ, ಜಪಾನಿನ ಒಸಾಕಾದಲ್ಲಿ, ಫೆಬ್ರವರಿ ತಿಂಗಳ ಒಂದು ಮಧ್ಯಾಹ್ನ. ಆದರೆ ಅದರ ಬೇರು ಮೈಸೂರಿನ ಅಗ್ರಹಾರದಲ್ಲಿದ್ದ ನಮ್ಮ ಮನೆಯ ಜಗಲಿಯಲ್ಲಿದೆ. ಆದ್ದರಿಂದ ಓದುಗರನ್ನು ಮೊದಲು ಅಲ್ಲಿಗೇ ಕರೆದೊಯ್ಯಬೇಕು.

ನನಗೆ ಆಗ ಮೂವತ್ತೆರಡು ವರ್ಷ. ಸಂಗೀತದ ರುಚಿ ತಂದೆಯವರಿಂದ ಬಂದದ್ದು. ಗ್ರಾಮಫೋನು ಬಂದ ಹೊಸದರಲ್ಲಿ ಒಂದೋ ಎರಡೋ ಪ್ಲೇಟಿಗೆ ಹಾಡಿ, ಆಮೇಲೆ ಜನರ ನೆನಪಿನಿಂದ ಅಳಿಸಿಹೋದ ನಮ್ಮ ಸೀಮೆಯ ಗಾಯಕ ಗಾಯಕಿಯರನ್ನು ಕುರಿತು ಒಂದು ಪುಸ್ತಕ ಬರೆಯಲು ತೊಡಗಿದ್ದೆ. ಊರೂರು ಅಲೆದು, ಅಟ್ಟಗಳಿಂದ ಪ್ಲೇಟುಗಳನ್ನು ಇಳಿಸಿ, ಧೂಳೊರೆಸಿ ಕೇಳಿ, ಪಟ್ಟಿ ಮಾಡುತ್ತಿದ್ದೆ. ಆ ಸುದ್ದಿ ಹೇಗೆ ಮುಟ್ಟಿತೋ, ಒಂದು ಬೆಳಿಗ್ಗೆ ಎಪ್ಪತ್ತೈದರ ಆಸುಪಾಸಿನ ಹೆಂಗಸೊಬ್ಬರು ಬಂದು ಜಗಲಿಯ ಕೆಳಗೇ ನಿಂತರು. ಒಗೆದು ಒಗೆದು ಬಣ್ಣ ಹೋದ ಸೀರೆ, ನೆಟ್ಟಗಿನ ಬೆನ್ನು. ಹೆಸರು ತಲಕಾಡು ಅಮೃತಮ್ಮ. ತಲೆಮಾರುಗಳಿಂದ ದೇವಸ್ಥಾನದಲ್ಲಿ ಹಾಡಿ ಕುಣಿದ ಮನೆತನದವರೆಂದು ಅವರ ಮಾತಿನಲ್ಲೇ ತಿಳಿಯಿತು. ನಾನು ಅವರನ್ನು ಒಳಗೆ ಕರೆಯಲಿಲ್ಲ. ನಮ್ಮ ತಾಯಿ ಕಾಫಿ ಕೊಟ್ಟರು, ಬೇರೆ ಲೋಟದಲ್ಲಿ. ಇದನ್ನು ಮುಚ್ಚಿಟ್ಟು ಮುಂದಿನದನ್ನು ಬರೆದರೆ ಬರಹ ಅಪವಿತ್ರವಾಗುತ್ತದೆ.

"ಹಾಡೋರ ಇಷಯ ಪುಸ್ತಕ ಬರೀತೀರಂತೆ ಸ್ವಾಮಿ. ನಾನೂ ಒಂದು ಪ್ಲೇಟಿಗೆ ಹಾಡಿದ್ದೀನಿ" ಎಂದರು. "ನನಗಾಗ ಹದಿಮೂರು ವರ್ಷ. ಅಮ್ಮ ಮದರಾಸಿಗೆ ರೈಲಲ್ಲಿ ಕರಕೊಂಡು ಹೋದ್ಲು. ಒಂದು ಕೋಣೆ, ಗೋಡೆಗೆಲ್ಲ ಕಂಬಳಿ ಹೊದಿಸಿದ್ರು. ಮುಂದೊಂದು ದೊಡ್ಡ ಕಹಳೆ. ಅದರೊಳಕ್ಕೆ ಮುಖ ಇಟ್ಟು ಹಾಡು ಅಂದ್ರು. ಏರುದನಿ ಬಂದಾಗೆಲ್ಲ ಅಮ್ಮ ಹಿಂದಿನಿಂದ ನನ್ನ ಜಡೆ ಹಿಡಿದು ಜಗ್ಗೋಳು, ದನಿ ಜೋರಾದ್ರೆ ಮೇಣ ಕೆಡುತ್ತೆ ಅಂತ. ಇಳಿಯೋವಾಗ ಮತ್ತೆ ಮುಂದಕ್ಕೆ ತಳ್ಳೋಳು. ಒಳ್ಳೇ ಬಾವಿಯಿಂದ ನೀರು ಸೇದೋ ಹಂಗೆ!"

ತಮ್ಮ ಮಾತಿಗೆ ತಾವೇ ನಕ್ಕರು. ಹಾಡು ಮುಗಿದ ಮೇಲೆ ಅಲ್ಲಿದ್ದ ಬಿಳಿಯ ದೊರೆ ಹೆಸರು ಹೇಳೆಂದು ಕೈಸನ್ನೆ ಮಾಡಿದನಂತೆ. ಆ ಕಾಲದ ಪ್ಲೇಟುಗಳಲ್ಲಿ ಹಾಡಿನ ಕೊನೆಗೆ ಹಾಡಿದವರೇ ತಮ್ಮ ಹೆಸರು ಹೇಳುವ ರೂಢಿಯಿತ್ತು. ಹಾಡನ್ನು ಕೊರೆದ ಮೇಣದ ಅಚ್ಚು ಹಡಗಿನಲ್ಲಿ ದೂರದೇಶಕ್ಕೆ ಹೋಗಿ ಅಲ್ಲಿ ಪ್ಲೇಟಾಗಬೇಕು. ಭಾಷೆ ತಿಳಿಯದ ಅಲ್ಲಿನವರಿಗೆ ಇದು ಯಾರ ಹಾಡೆಂದು ಗೊತ್ತಾಗಬೇಕಲ್ಲ. "ನಾನು ನನ್ನ ಹೆಸರು ಹೇಳ್ದೆ. ಜೊತೆಗೆ ಅಮ್ಮನ ಹೆಸರೂ ಹೇಳ್ದೆ. ಅಮ್ಮನಿಗೆ ಎಂಥ ಸಂತೋಷ ಅಂತೀರಿ! ದಾರಿಯುದ್ದಕ್ಕೂ ಸೆರಗಲ್ಲಿ ಕಣ್ಣೊರೆಸಿಕೊಂಡ್ಲು."

ನಾನು ಹೇಳಿದ್ದು ಒಂದೇ ಮಾತು. "ಪ್ಲೇಟು ತನ್ನಿ, ಕೇಳಿ ಬರೆಯುತ್ತೇನೆ."

"ಅದು ನನ್ನ ಹತ್ರ ಎಲ್ಲಿ ಬರಬೇಕು ಸ್ವಾಮಿ? ಪ್ಲೇಟು ಕೊಂಡೋರ ಮನೇಲಿರುತ್ತೆ, ಹಾಡಿದೋರ ಮನೇಲಿರುತ್ಯೇ?"

ಪ್ರಮಾಣವಿಲ್ಲದೆ ಒಂದು ಹೆಸರನ್ನೂ ಸೇರಿಸುವುದಿಲ್ಲವೆಂಬ ವ್ರತ ನನ್ನದು. ಅವರು ಅಲ್ಲೇ ನಿಂತು ನಾದನಾಮಕ್ರಿಯೆ ರಾಗದಲ್ಲಿ ಒಂದು ದೇವರನಾಮದ ಎರಡು ಸಾಲು ಹಾಡಿ ತೋರಿಸಿದರು. ದನಿ ಒಡೆದಿತ್ತು. ಆದರೂ ಪಲ್ಲವಿಯ ಕೊನೆಯಲ್ಲಿ ಷಡ್ಜಕ್ಕೆ ಬಾರದೆ ಕೆಳಗಿನ ನಿಷಾದದಲ್ಲಿ ಒಂದು ಕ್ಷಣ ತಂಗಿ, ಹೊಸಿಲಲ್ಲಿ ಯಾರನ್ನೋ ಕಾಯುವವರಂತೆ ನಿಂತು, ಆಮೇಲೆ ಒಳಗೆ ಬರುವ ಒಂದು ರೀತಿ ನನ್ನ ಕಿವಿಯಲ್ಲಿ ಉಳಿಯಿತು. ಚೆನ್ನಾಗಿದೆಯೆಂದು ಹೇಳಿ ಕಳಿಸಿದೆ.

ಎರಡು ವರ್ಷದ ಮೇಲೆ ಪುಸ್ತಕ ಅಚ್ಚಾಯಿತು. 'ಪ್ರಮಾಣವಿಲ್ಲದ ಒಂದು ಹೆಸರೂ ಇದರಲ್ಲಿಲ್ಲ' ಎಂದು ಮುನ್ನುಡಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡೆ. ಅಮೃತಮ್ಮ ಮತ್ತೊಮ್ಮೆ ಬಂದರು. ಕಣ್ಣು ಪೂರ ಮಂಜಾಗಿತ್ತು. ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, "ನನ್ನ ಹೆಸರು ಎಲ್ಲೈತೆ, ಬೆರಳು ಹಿಡಿದು ಅದರ ಮೇಲೆ ಇಡಿ ಸ್ವಾಮಿ" ಎಂದು ಕೈ ಚಾಚಿದರು. ನಾನು ಇಲ್ಲವೆಂದೆ. ಅವರು ಸ್ವಲ್ಪ ಹೊತ್ತು ಕೈಯನ್ನು ಹಾಗೆಯೇ ಹಿಡಿದಿದ್ದರು.

"ಇರಲಿ ಬಿಡಿ. ಆ ಕಹಳೆಯೊಳಗೆ ಹೇಳಿದ್ದಂತೂ ಹೇಳಿದ್ದೀನಿ. ಎಲ್ಲಿಗೆ ಹೋಗುತ್ತೆ?"

ಅದೇ ಕೊನೆ. ಆ ವರ್ಷದ ಮಾಘದಲ್ಲಿ ಅವರು ತೀರಿಕೊಂಡರೆಂದು ತಿಂಗಳಾದ ಮೇಲೆ ತಿಳಿಯಿತು. ಅವರ ತಾಯಿಯ ಹೆಸರೇನೆಂದು ಕೇಳುವಷ್ಟು ಸೌಜನ್ಯವೂ ನನಗೆ ತೋಚಿರಲಿಲ್ಲ.

ಇನ್ನು ಒಸಾಕಾದ ಮಾತು. ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಉಳಿಸುವ ಕೆಲಸ ಮಾಡುತ್ತಿದ್ದ ಸಹನಾ ಎಂಬ ಮೈಸೂರಿನ ಸಂಶೋಧಕಿ ನನ್ನನ್ನು ನಾಲ್ಕು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದಳು. ದಕ್ಷಿಣಭಾರತದ ಪ್ಲೇಟುಗಳನ್ನು ಕೇಳಿ, ರಾಗ ತಾಳ ಗುರುತಿಸಿ, ಹಾಡಿದವರು ಯಾರೆಂದು ಹೇಳುವುದು ನನ್ನ ಕೆಲಸ. ನನ್ನ ಪುಸ್ತಕವನ್ನು ಕಾಲೇಜಿನಲ್ಲಿದ್ದಾಗ ಓದಿ ಈ ವಿದ್ಯೆಗೆ ಮನಸ್ಸು ಕೊಟ್ಟವಳು. ಮಾತಿನಲ್ಲಿ ಅರ್ಧ ಇಂಗ್ಲಿಷು, ಕೆಲಸದಲ್ಲಿ ಮಾತ್ರ ಹಳೆಯ ಪಂಡಿತರ ನಿಷ್ಠೆ. ಅತಿಥಿಗೃಹದ ಚಳಿಯಲ್ಲಿ ಬೆಳಿಗ್ಗೆ ಸ್ನಾನ ಜಪ ಮುಗಿಸಿ, ಎದುರಿನ ಕೊಂಬಿನಿ ಎಂಬ ದಿನವಿಡೀ ತೆರೆದಿರುವ ಅಂಗಡಿಯಿಂದ ತಂದ ಮೊಸರಿಗೆ ಅನ್ನ ಕಲಸಿ ಉಂಡು ನಾನು ಹೊರಟರೆ, ಅವಳು ಅಷ್ಟರಲ್ಲಿ ಹತ್ತು ಪ್ಲೇಟು ತೊಳೆದಿಟ್ಟಿರುತ್ತಿದ್ದಳು.

ಆ ಪ್ಲೇಟುಗಳಲ್ಲಿ ಹೆಚ್ಚಿನವು ಒಕಾಮೋಟೊ ಸಾನ್ ಎಂಬ ಎಂಬತ್ತು ದಾಟಿದ ಹಿರಿಯರ ಮನೆಯಿಂದ ಬಂದವು. ಅವರ ತಂದೆ ಹತ್ತಿ ವ್ಯಾಪಾರದ ಗುಮಾಸ್ತರಾಗಿ ಬೊಂಬಾಯಿ, ಮದರಾಸುಗಳಲ್ಲಿ ಹಲವು ವರ್ಷ ಇದ್ದು, ಹಿಂದಿರುಗುವಾಗ ಪೆಟ್ಟಿಗೆ ತುಂಬ ಪ್ಲೇಟು ತಂದಿದ್ದರು. ಮಗ ಆ ಭಾಷೆಗಳ ಒಂದಕ್ಷರವೂ ತಿಳಿಯದೆ ಜೀವಮಾನವಿಡೀ ಅವನ್ನು ಕೇಳುತ್ತ ಬಂದವರು. ಅವರ ಮನೆ ರೈಲು ಹಳಿಯ ಮಗ್ಗುಲಿನ ಓಣಿಯಲ್ಲಿತ್ತು. ರೈಲು ಹೋದಾಗಲೆಲ್ಲ ಕೀಲಿ ಕೊಡುವ ಆ ಹಳೆಯ ಗ್ರಾಮಫೋನಿನ ಸೂಜಿ ಅದುರುತ್ತದೆಂದು ಅವರು ರೈಲುಗಳ ವೇಳೆಯನ್ನು ಬಾಯಿಪಾಠ ಮಾಡಿಕೊಂಡಿದ್ದರು. ಒಂದು ರೈಲು ದಾಟಿತೆಂದರೆ ಕೈಯೆತ್ತಿ ನಮ್ಮನ್ನು ಸುಮ್ಮನಿರಿಸಿ ಸೂಜಿ ಇಳಿಸುವರು. ಮುಂದಿನ ರೈಲು ಬರುವಷ್ಟರಲ್ಲಿ ಹಾಡು ಮುಗಿಯಬೇಕು. ಹಾಡಿದವರು ಕೊನೆಗೆ ಹೆಸರು ಹೇಳಿದರೆ ಅದನ್ನು ಕೇಳಿಸಿದಂತೆ ಜಪಾನೀ ಅಕ್ಷರಗಳಲ್ಲಿ ಒಂದು ಪುಸ್ತಕಕ್ಕೆ ಇಳಿಸುವರು. ಅರ್ಥ ಗೊತ್ತಿಲ್ಲ. "ಅವರು ಹೇಳಿದರು, ನಾನು ಬರೆದೆ" ಎಂಬುದು ಅವರ ವಾದ.

ನಾನು ಹೊರಡುವುದಕ್ಕೆ ಒಂದು ದಿನ ಮೊದಲು, ಫೆಬ್ರವರಿ ಎಂಟರಂದು, ವಂದನೆ ಹೇಳಿಬರಲು ಸಹನಾಳೊಡನೆ ಅವರ ಮನೆಗೆ ಹೋದೆ. ತಂದೆಯ ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿಟ್ಟಿದ್ದ ಒಂದು ಪ್ಲೇಟು ಹಿಂದಿನ ರಾತ್ರಿ ಸಿಕ್ಕಿತೆಂದು ತಂದು ಮುಂದಿಟ್ಟರು. ಒಂದೇ ಬದಿಗೆ ಹಾಡಿರುವ ಬಹಳ ಹಳೆಯ ಕಾಲದ್ದು. ಹಿಂಬದಿ ಬೋಳು. ನಡುವಿನ ಕಾಗದವನ್ನು ಹುಳು ತಿಂದಿತ್ತು. ಉಳಿದಿದ್ದ ಚೂರಿನಲ್ಲಿ ಕನ್ನಡದಲ್ಲಿ 'ದೇವರನಾಮ' ಎಂಬಷ್ಟೇ ಓದಲು ಬಂತು. ನಾಲ್ಕು ತಿಂಗಳಲ್ಲಿ ಆ ಸಂಗ್ರಹದಲ್ಲಿ ನಾನು ಕಂಡ ಮೊದಲ ಕನ್ನಡ ಪ್ಲೇಟು ಅದು. ಈಗಲೇ ಕೇಳಬೇಕೆಂದೆ.

ಒಕಾಮೋಟೊ ಸಾನ್ ತಲೆ ಕೆರೆದುಕೊಂಡು ಸಹನಾಳಿಗೆ ಏನೋ ಹೇಳಿದರು. ಅವಳು ನಕ್ಕಳು.

"ಸರ್, ಇವತ್ತು ಇಲ್ಲಿ ಸೂಜಿಗಳ ದಿನ. ಹೊಲಿಗೆ ಮಾಡೋರು ಮುರಿದ ಸೂಜಿಗಳನ್ನೆಲ್ಲ ದೇವಸ್ಥಾನಕ್ಕೆ ತಗೊಂಡು ಹೋಗಿ ತೋಫುಗೆ, ಅಂದ್ರೆ ಸೋಯಾ ಹಾಲಿನ ಗಿಣ್ಣಿನಂಥ ಗಟ್ಟಿಗೆ, ಚುಚ್ಚಿ ಬರ್ತಾರೆ. ವರ್ಷವಿಡೀ ಗಟ್ಟಿ ಬಟ್ಟೇಲಿ ಕೆಲಸ ಮಾಡಿದೆ, ಕೊನೇಲಿ ಮೆತ್ತಗಿರೋದ್ರಲ್ಲಿ ಮಲಗಲಿ ಅಂತ. ಇವ್ರು ಗ್ರಾಮಫೋನ್ ಸೂಜಿಗಳನ್ನೂ ತಗೊಂಡು ಹೋಗ್ತಾರೆ. ಇವತ್ತು ಯಾವ ಸೂಜಿಗೂ ಕೆಲಸ ಕೊಡಬಾರ್ದಂತೆ."

ನನಗೆ ಇದು ವಿಚಿತ್ರವೆನಿಸಲಿಲ್ಲ. ಆಯುಧಪೂಜೆಯ ದಿನ ಪುಸ್ತಕವನ್ನು ಪೂಜೆಗಿಟ್ಟು ಓದದೆ ಇರುವವರು ನಾವು. ಹಾಗಾದರೆ ಬೇಡವೆಂದು ಕೈಮುಗಿದೆ. ಆದರೆ ನಾಳೆ ಹೊರಡುವವನ ಮುಖದಲ್ಲಿ ಅವರು ಏನು ಕಂಡರೋ, ಸ್ವಲ್ಪ ಯೋಚಿಸಿ, ಗೂಡಿನಿಂದ ಒಂದು ಸಣ್ಣ ಡಬ್ಬಿ ತೆಗೆದರು. ಅದರಲ್ಲಿ ಬಿದಿರಿನಿಂದ ಮಾಡಿದ ಮೂರು ಮೂಲೆಯ ಸೂಜಿಗಳಿದ್ದವು. ಪ್ಲೇಟು ಸವೆಯದಿರಲೆಂದು ಅಲ್ಲಿನ ರಸಿಕರು ಇವನ್ನು ಬಳಸುತ್ತಾರೆ. ಒಂದು ಹಾಡಿಗೆ ಒಂದು ಸಲ ಮೊನೆ ಕತ್ತರಿಸಬೇಕು.

"ರಜೆ ಇರೋದು ಕಬ್ಬಿಣಕ್ಕೆ, ಬಿದಿರಿಗಲ್ಲ ಅಂತಿದ್ದಾರೆ. ದೇವರು ಕೇಳಿದ್ರೆ ತಪ್ಪನ್ನ ಸೆನ್ಸೇ ಮೇಲೆ ಹಾಕ್ತಾರಂತೆ" ಎಂದಳು ಸಹನಾ. ಸೆನ್ಸೇ ಎಂದರೆ ಮೇಷ್ಟ್ರು, ಅಂದರೆ ನಾನು.

ಕತ್ತರಿ ಕಟಕ್ಕೆಂದಿತು. ರೈಲು ದಾಟಿತು. ಒಕಾಮೋಟೊ ಸಾನ್ ಕೈಯೆತ್ತಿದರು.

ಬಿದಿರಿನ ಸೂಜಿಯಲ್ಲಿ ಸದ್ದು ಮೆತ್ತಗೆ, ಪಕ್ಕದ ಕೋಣೆಯಿಂದ ಬಂದ ಹಾಗೆ ಬರುತ್ತದೆ. ಮೊದಲು ತಂಬೂರಿಯ ಒಂದೆರಡು ಮೀಟು, ಆಮೇಲೆ ಎಳೆಯ ಹೆಣ್ಣುದನಿ. ನಾದನಾಮಕ್ರಿಯೆ. ನಾನು ಅಭ್ಯಾಸದಂತೆ ಕಾಗದದ ಮೇಲೆ ರಾಗ ತಾಳ ಗುರುತು ಹಾಕಿಕೊಳ್ಳುತ್ತಿದ್ದೆ. ಪಲ್ಲವಿಯ ಕೊನೆಯಲ್ಲಿ ದನಿ ಷಡ್ಜಕ್ಕೆ ಬರಲಿಲ್ಲ. ಕೆಳಗಿನ ನಿಷಾದದಲ್ಲಿ ನಿಂತಿತು, ಹೊಸಿಲಲ್ಲಿ ಕಾದಂತೆ ಕಾದು ಒಳಗೆ ಬಂತು. ನನ್ನ ಲೇಖನಿ ಅಲ್ಲೇ ನಿಂತಿತು. ಮುಂದೆ ಚರಣದಲ್ಲಿ ಸ್ವರ ಮೇಲೇರಿದಾಗಲೆಲ್ಲ ಆ ದನಿ ಸ್ವಲ್ಪ ಹಿಂದೆ ಸರಿಯುತ್ತಿತ್ತು, ಯಾರೋ ಜಡೆ ಹಿಡಿದು ಜಗ್ಗಿದಂತೆ. ಇಳಿದಾಗ ಮುಂದೆ ಬರುತ್ತಿತ್ತು. ಹಿಂದೆ, ಮುಂದೆ. ಬಾವಿಯಿಂದ ನೀರು ಸೇದುವ ಹಾಗೆ.

ಹಾಡು ಮುಗಿಯಿತು. ತಂಬೂರಿ ಒಮ್ಮೆ ಮಿಡಿದು ನಿಂತಿತು. ಆಮೇಲೆ ಉಸಿರು ಎಳೆದುಕೊಂಡ ಸದ್ದು. ಅದಾದ ಮೇಲೆ, ಹಾಡುವ ದನಿಯಲ್ಲಲ್ಲ, ಪಾಠ ಒಪ್ಪಿಸುವ ಹುಡುಗಿಯ ಗಟ್ಟಿ ದನಿಯಲ್ಲಿ, ನಾನು ಸ್ಪಷ್ಟವಾಗಿ ಕೇಳಿದೆ.

"ತಲಕಾಡು ಅಮೃತಮ್ಮ. ಪುಟ್ಟನಂಜಮ್ಮನ ಮಗಳು."

ಮುಂದಿನ ರೈಲು ಬಂತು. ಒಕಾಮೋಟೊ ಸಾನ್ ಸೂಜಿಯೆತ್ತಿ, ಎಂದಿನಂತೆ ಪುಸ್ತಕ ಎಳೆದುಕೊಂಡು ಬರೆದುಕೊಂಡರು. ಬರೆದದ್ದನ್ನು ತಮ್ಮ ನಾಲಗೆಗೆ ಒಗ್ಗಿದಂತೆ ಓದಿ, ಸರಿಯೇ ಎಂದು ನನ್ನ ಮುಖ ನೋಡಿದರು. ನಾನು ಆ ಚಾಪೆಯ ಮೇಲೆ, ಆ ಮರದ ಪೆಟ್ಟಿಗೆಯ ಮುಂದೆ, ಉದ್ದಕ್ಕೆ ಸಾಷ್ಟಾಂಗ ಬಿದ್ದೆ. ಆ ವಯಸ್ಸಿನಲ್ಲಿ ಏಳುವುದಕ್ಕೆ ಸಹನಾ ಕೈ ಕೊಡಬೇಕಾಯಿತು.

ಇದರಲ್ಲಿ ಅಸಹಜವಾದುದೇನೂ ಆಗ ನಮಗೆ ಕಾಣಲಿಲ್ಲ. ಪ್ಲೇಟಿನಲ್ಲಿ ಹೆಸರಿತ್ತು, ಕೇಳಿಸಿತು, ಅಷ್ಟೆ. ನಾನು ಜಗಲಿಯ ಕಥೆಯನ್ನು ಅವರಿಬ್ಬರಿಗೂ ಹೇಳಿದೆ, ಬೇರೆ ಲೋಟದ ಸಂಗತಿಯನ್ನೂ ಬಿಡದೆ. ಸಹನಾ ಅದನ್ನು ಜಪಾನೀ ಭಾಷೆಗೆ ತಿರುಗಿಸುತ್ತ ಒಂದೆರಡು ಸಲ ತಡೆದಳು. ಒಕಾಮೋಟೊ ಸಾನ್ ಆ ಬಿದಿರಿನ ಸೂಜಿಯನ್ನು ಕಿತ್ತು, ದೇವಸ್ಥಾನಕ್ಕೆಂದು ಕಟ್ಟಿಟ್ಟಿದ್ದ ಕಬ್ಬಿಣದ ಸೂಜಿಗಳ ಪೊಟ್ಟಣದಲ್ಲಿ ಇಟ್ಟರು. ಬಿದಿರನ್ನು ಮತ್ತೆ ಮತ್ತೆ ಕತ್ತರಿಸಿ ಬಳಸುವುದು ಅವರ ಪದ್ಧತಿ. ಇದೊಂದು ದೊಡ್ಡ ಕೆಲಸ ಮಾಡಿದೆ, ಸಾಕು ಎಂದರಂತೆ.

ಮೂವರೂ ನಡೆದೇ ಹೋದೆವು. ದೇವಸ್ಥಾನದ ಅಂಗಳದಲ್ಲಿ ಬಿಳಿಯ ತೋಫುವಿನ ದೊಡ್ಡ ಗಟ್ಟಿಯ ಮೇಲೆ ನೂರಾರು ಸೂಜಿಗಳು ನಿಂತಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಬಂದು ಚುಚ್ಚಿ, ತಲೆಬಾಗಿ ಹೋಗುತ್ತಿದ್ದರು. ಒಕಾಮೋಟೊ ಸಾನ್ ಆ ಬಿದಿರಿನ ಚೂರನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕಣ್ಣಿಗೊತ್ತಿಕೊಂಡು ಚುಚ್ಚಿದೆ. ಬೆರಳಿಗೆ ತಣ್ಣಗಿತ್ತು. ನಲವತ್ತೈದು ವರ್ಷಗಳ ಭಾರ ಇಳಿಯಿತೆಂದೇ ಆ ಸಂಜೆ ನಂಬಿದ್ದೆ.

ಮರುದಿನ ನನ್ನ ವಿಮಾನ ಸಂಜೆಗೆ. ಬೆಳಿಗ್ಗೆಯೇ ಪ್ಲೇಟನ್ನು ಸಹನಾಳ ಪ್ರಯೋಗಶಾಲೆಗೆ ಒಯ್ದೆವು. ಯಂತ್ರದ ಮೇಲಿಟ್ಟು, ನಾನು ಶ್ರುತಿ ಹೇಳಿದಂತೆ ವೇಗ ಹೊಂದಿಸಿ, ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು, ನನಗೂ ಹಾಕಿದಳು. ಹಾಡು ಹಿಂದಿನ ದಿನಕ್ಕಿಂತ ನಿಚ್ಚಳವಾಗಿ ಬಂತು. ಕೆಳಗಿನ ನಿಷಾದ, ಜಡೆಯ ಜಗ್ಗಾಟ, ಎಲ್ಲವೂ ಇದ್ದವು. ಹಾಡು ಮುಗಿಯಿತು. ತಂಬೂರಿ ಮಿಡಿದ ನಡುವೆಯೇ, ಕತ್ತರಿಸಿದಂತೆ, ಸದ್ದು ನಿಂತುಹೋಯಿತು. ಆಮೇಲೆ ಬರಿಯ ಪರಪರ.

ಇನ್ನೊಮ್ಮೆ ಹಾಕಿದಳು. ಬೇರೆ ಸೂಜಿ ಹಾಕಿ ನೋಡಿದಳು. ಕೊನೆಗೆ ಪ್ಲೇಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿ, ನನಗೂ ತೋರಿಸಿದಳು. ಹಾಡಿನ ಗೀರು ಸುತ್ತಿ ಸುತ್ತಿ ಬಂದು ಒಂದೆಡೆ ನಿಂತುಬಿಟ್ಟಿತ್ತು. ಅಲ್ಲಿಂದ ನಡುವಿನ ಕಾಗದದವರೆಗೆ ಕಪ್ಪಾದ ನುಣುಪು. ಒಂದು ಮಾತಿಗೂ ಅಲ್ಲಿ ಜಾಗವಿರಲಿಲ್ಲ.

"ಮೂರು ನಿಮಿಷದ ಮೇಣ ಸರ್. ಹಾಡು ಸ್ವಲ್ಪ ಉದ್ದ ಆಗಿದೆ. ಕೊರೆಯೋ ಮೊನೇನ ಅವ್ರು ಎತ್ತಿಬಿಟ್ಟಿದ್ದಾರೆ" ಎಂದಳು ಮೆಲ್ಲಗೆ. "ಅವ್ರು ಹೆಸರು ಹೇಳಿರ್ತಾರೆ. ಆದ್ರೆ ಅದು ರೆಕಾರ್ಡ್ ಆಗಿಲ್ಲ."

ಹದಿಮೂರು ವರ್ಷದ ಹುಡುಗಿ ಕಹಳೆಯೊಳಗೆ ಮುಖವಿಟ್ಟು ತನ್ನ ಹೆಸರನ್ನೂ ತಾಯಿಯ ಹೆಸರನ್ನೂ ಹೇಳಿದ್ದಳು. ಕೇಳುವ ಮೇಣ ಅಷ್ಟರಲ್ಲಿ ಮುಗಿದುಹೋಗಿತ್ತು. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ. ಆ ತಾಯಿ ರೈಲಿನ ಉದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಗಳು ಅರುವತ್ತು ವರ್ಷಕ್ಕೂ ಮಿಕ್ಕಿ ಅದನ್ನು ನಂಬಿ ಬದುಕಿದಳು.

ಪ್ಲೇಟನ್ನು ಹಿಡಿದು ಮತ್ತೆ ಒಕಾಮೋಟೊ ಸಾನ್ ಮನೆಗೆ ಓಡಿದೆವು. ಅದೇ ಗ್ರಾಮಫೋನು, ಅದೇ ಡಬ್ಬಿಯ ಬಿದಿರು, ರೈಲು ದಾಟಿದ ಮೇಲಿನ ಅದೇ ಮೌನ. ಹಾಡು ಮುಗಿದೊಡನೆ ಸೂಜಿ ನುಣುಪಿನ ಮೇಲೆ ಜಾರಿತು. ಏನೂ ಇಲ್ಲ. ಮೂರು ಸಲ ಹಾಕಿದರು. ಒಕಾಮೋಟೊ ಸಾನ್ ಪುಸ್ತಕ ತೆರೆದು ಹಿಂದಿನ ದಿನದ ಸಾಲಿನ ಮೇಲೆ ಬೆರಳಿಟ್ಟರು. ಅವರ ಕೈಬರಹದಲ್ಲಿ ಎರಡು ಹೆಸರೂ ಇದ್ದವು.

"ನಿನ್ನೆ ಅವರು ಹೇಳಿದರು, ನಾನು ಬರೆದೆ. ಇವತ್ತು ಹೇಳಲಿಲ್ಲ" ಎಂದರಂತೆ. ಅವರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿದ್ದಂತೆ ಕಾಣಲಿಲ್ಲ.

ಆಗ ನಾನು ಸಹನಾಳನ್ನು ಕೇಳಿದೆ. ವಿಶ್ವವಿದ್ಯಾಲಯದ ಪ್ಲೇಟುಗಳ ಪಟ್ಟಿಯಲ್ಲಿ ಅಮೃತಮ್ಮನವರ ಹೆಸರು ಹಾಕಮ್ಮ, ನಾವು ಮೂವರು ಕೇಳಿದ್ದೇವೆ ಎಂದೆ. ಆ ಪಟ್ಟಿ ವಸಂತದ ಹೊತ್ತಿಗೆ ಜಗತ್ತೆಲ್ಲ ನೋಡುವಂತೆ ಪ್ರಕಟವಾಗುವುದಿತ್ತು. ಅವಳು ತಲೆ ತಗ್ಗಿಸಿದಳು. ನನಗಿಂತ ಹೆಚ್ಚಾಗಿ ಅವಳಿಗೇ ನೋವಾಗುತ್ತಿತ್ತು.

"ಹೇಗೆ ಹಾಕ್ಲಿ ಸರ್? ಪ್ಲೇಟಲ್ಲಿ ಇಲ್ವಲ್ಲ. ಒಂದ್ವೇಳೆ ನೀವೇ ಅಂದಿರಬಹುದು, ನಿಮಗೇ ಗೊತ್ತಾಗದ ಹಾಗೆ. ಆಗ ನಿಮ್ಮ ಮನಸ್ಸು ಹಾಗಿತ್ತು."

"ಅಮೃತಮ್ಮ ಎಂದಿರಬಹುದು. ಪುಟ್ಟನಂಜಮ್ಮ ಎಂದು ನಾನು ಹೇಗೆ ಅಂದೇನು? ಆ ಹೆಸರು ನನಗೆ ತಿಳಿದೇ ಇರಲಿಲ್ಲ."

"ಅದೇ ಸರಿಯಾದ ಹೆಸರು ಅಂತ ನಿಮಗೆ ಗೊತ್ತಾ ಸರ್?"

ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲವಲ್ಲ.

"ಪ್ರಮಾಣವಿಲ್ಲದ ಒಂದು ಹೆಸರೂ ಇದರಲ್ಲಿಲ್ಲ ಅಂತ ನಿಮ್ಮ ಮುನ್ನುಡೀಲಿ ಓದಿದ್ದೆ. ಅದನ್ನ ಓದೇ ಸರ್, ನಾನು ಈ ಕೆಲಸಕ್ಕೆ ಬಂದಿದ್ದು. ಸಾರಿ ಸರ್" ಎಂದು ಆ ಹುಡುಗಿ ಅತ್ತುಬಿಟ್ಟಳು.

ನಾನು ಅವಳ ತಲೆ ಸವರಿದೆ. ಅವಳು ಮಾಡಿದ್ದು ಸರಿ. ನಾನು ಕಲಿಸಿದ್ದನ್ನೇ ನನಗೆ ಹಿಂದಿರುಗಿಸಿದ್ದಳು. ಕೈ ಚಾಚಿ ನಿಂತವರಿಗೆ ಇಲ್ಲವೆಂದವನು ನಾನು. ಈಗ ಕೈ ಚಾಚಿ ನಿಂತವನೂ ನಾನೇ ಆಗಿದ್ದೆ.

ವಿಮಾನನಿಲ್ದಾಣದ ರೈಲು ಹತ್ತಿಸಲು ಬಂದಾಗ ಅವಳು ಬಾಗಿಲು ಮುಚ್ಚುವ ಮುಂಚೆ ಒಂದು ಮಾತು ಹೇಳಿದಳು. "ಸರ್, ನನಗೂ ಕೇಳಿಸ್ತು. ಅದು ನಿಮ್ಮ ದನಿ ಅಲ್ಲ. ಚಿಕ್ಕ ಹುಡುಗಿ ದನಿ." ಬಾಗಿಲು ಮುಚ್ಚಿತು. ಗಾಜಿನಾಚೆ ಅವಳು ಅಲ್ಲಿನವರಂತೆ ಸೊಂಟ ಬಾಗಿಸಿ ನಮಸ್ಕರಿಸುತ್ತ ನಿಂತಿದ್ದಳು.

ಮೈಸೂರಿಗೆ ಬಂದ ಮೇಲೆ ಅಮೃತಮ್ಮನವರ ಮನೆಯನ್ನು ಹುಡುಕಿದೆ. ಅಲ್ಲೀಗ ಔಷಧಿ ಅಂಗಡಿ ಇದೆ. ತಲಕಾಡಿಗೆ ಎರಡು ಸಲ ಹೋದೆ. ಅರ್ಚಕರನ್ನು ಕೇಳಿದೆ, ಹಳಬರೆಂದವರನ್ನೆಲ್ಲ ಕೇಳಿದೆ. ಪುಟ್ಟನಂಜಮ್ಮನೆಂಬ ಗಾಯಕಿ ಇದ್ದರೆಂದು ಹೇಳುವವರಿಲ್ಲ, ಇರಲಿಲ್ಲವೆನ್ನುವವರೂ ಇಲ್ಲ. ಕೇಳಬೇಕಾದ ಕಾಲದಲ್ಲಿ ಕೇಳಬೇಕಾದವರನ್ನು ಕೇಳದಿದ್ದರೆ ಹೀಗೆಯೇ ಆಗುತ್ತದೆ. ಒಕಾಮೋಟೊ ಸಾನ್ ಮರುವರ್ಷ ತೀರಿಕೊಂಡರು. ಅವರ ಕೊನೆಯ ಪುಸ್ತಕ ವಿಶ್ವವಿದ್ಯಾಲಯದಲ್ಲಿದೆ. ಒಸಾಕಾದ ಪಟ್ಟಿಯಲ್ಲಿ ಆ ಪ್ಲೇಟಿನ ಮುಂದೆ ಇವತ್ತಿಗೂ 'ಗಾಯಕಿ: ತಿಳಿದಿಲ್ಲ' ಎಂದೇ ಇದೆ. ಅಂತರ್ಜಾಲದಲ್ಲಿ ಅದನ್ನು ಯಾರಾದರೂ ಕೇಳಬಹುದು. ನಾನೂ ಕೇಳುತ್ತೇನೆ. ತಂಬೂರಿ ಅರ್ಧಕ್ಕೆ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿರುತ್ತೇನೆ.

ಉಚ್ಚರಿಸಿದ ಶಬ್ದ ನಾಶವಾಗುತ್ತದೆಯೆಂದು ನ್ಯಾಯಶಾಸ್ತ್ರ ಹೇಳುತ್ತದೆ. ಇಲ್ಲ, ಶಬ್ದ ನಿತ್ಯ, ಅದು ಎಲ್ಲಿಯೂ ಹೋಗುವುದಿಲ್ಲ, ನಮಗೆ ಕೇಳಿಸುವುದು ಮಾತ್ರ ಆಗೊಮ್ಮೆ ಈಗೊಮ್ಮೆ ಎಂದು ಮೀಮಾಂಸಕರು ವಾದಿಸುತ್ತಾರೆ. ಮೂವತ್ತೆಂಟು ವರ್ಷ ಆ ವಾದವನ್ನು ಹುಡುಗರ ಮುಂದೆ ಖಂಡಿಸಿದೆ. ಈಗ ಖಂಡಿಸುವ ಧೈರ್ಯವಿಲ್ಲ, ಒಪ್ಪುವ ಬಲವೂ ಇಲ್ಲ. ಆ ಮಧ್ಯಾಹ್ನ ಆ ಕೋಣೆಯಲ್ಲಿ ಮಾತಾಡಿದ್ದು ಯಾರು? ಪ್ಲೇಟಿನಲ್ಲಿಲ್ಲದ ಮಾತು ಬಿದಿರಿನ ಮೊನೆಗೆ ಎಲ್ಲಿಂದ ಸಿಕ್ಕಿತು? ಕನ್ನಡ ಬಾರದ ಒಬ್ಬರ ಕೈ ಆ ಎರಡು ಹೆಸರುಗಳನ್ನು ಬರೆದದ್ದು ಹೇಗೆ? ಭಗವಂತನ ಮುಂದೆ ಕುಳಿತಾಗಲೂ ಇದನ್ನೇ ಕೇಳುತ್ತೇನೆ.

ನನ್ನ ಪುಸ್ತಕದ ಹೊಸ ಮುದ್ರಣ ಈಗ ಅಚ್ಚಿನಲ್ಲಿದೆ. ಮುನ್ನುಡಿಯ ಆ ವಾಕ್ಯವನ್ನು ತೆಗೆಸಿದ್ದೇನೆ. ಪ್ರತಿಯೊಂದು ಹೆಸರಿನ ಕೆಳಗೂ ಆಧಾರವನ್ನು ಕೊಡುವ ಕ್ರಮವನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಹೊಸದಾಗಿ ಸೇರಿಸಿದ ಸಾಲು ಹೀಗಿದೆ:

ತಲಕಾಡು ಅಮೃತಮ್ಮ, ಪುಟ್ಟನಂಜಮ್ಮನ ಮಗಳು. ಹದಿಮೂರನೆಯ ವಯಸ್ಸಿನಲ್ಲಿ ಒಂದು ಪ್ಲೇಟಿಗೆ ಹಾಡಿದರು. ಆಧಾರ: ಅವರೇ ಹೇಳಿದ್ದು.